ಬರೆಯಲು ಬಾರದ ವರದಿಗಾರರ ಪತ್ರಿಕೆ

ದೆಹಲಿಯ ‘ಬಾಲಕನಾಮಾ’ಕ್ಕೆ ಸುದ್ದಿ ಕೊಡುವ ಎಷ್ಟೋ ಮಕ್ಕಳಿಗೆ ಓದು ಬರಹ ಬಾರದು. ಚಿಂದಿ ಆಯುವವರು, ಢಾಬಾಗಳಲ್ಲಿ ತಟ್ಟೆ ತೊಳೆಯುವವರು, ರೈಲು ನಿಲ್ದಾಣದಲ್ಲೇ ಮಲಗಿ ಏಳುವವರು. ಎಂಟು ಪುಟಗಳ ಈ ಹಿಂದಿ ಪತ್ರಿಕೆ ನಿಂತಿರುವುದೇ ಅವರ ಬಾಯಿಮಾತಿನ ಮೇಲೆ.

ಇದಕ್ಕೆ ತಾಯಿಬೇರು ‘ಬಢ್ತೇ ಕದಂ’ ಎಂಬ ಒಕ್ಕೂಟ. ‘ಚೇತನಾ’ ಎಂಬ ಸ್ವಯಂಸೇವಾ ಸಂಸ್ಥೆಯ ಆಸರೆಯಲ್ಲಿ ಬೀದಿಮಕ್ಕಳೂ ದುಡಿಯುವ ಮಕ್ಕಳೂ ಸೇರಿ ಕಟ್ಟಿಕೊಂಡದ್ದು. ದೊಡ್ಡವರ ಪತ್ರಿಕೆಗಳಲ್ಲಿ ತಮ್ಮ ಪಾಡಿಗೆ ಜಾಗ ಸಿಗುವುದು ಅಪರೂಪವಾದಾಗ, 2003ರಲ್ಲಿ ತಮ್ಮದೇ ಪತ್ರಿಕೆ ತಂದರು. ಮೊದಮೊದಲು ತ್ರೈಮಾಸಿಕ, ಮುಂದೆ ಮಾಸಿಕ.

ಅಕ್ಷರ ಬಾರದಿದ್ದರೆ ವರದಿ ಮಾಡುವುದು ಹೇಗೆ? ಅದಕ್ಕೆಂದೇ ಇಲ್ಲಿ ‘ಬಾತೂನಿ ರಿಪೋರ್ಟರ್’ಗಳಿದ್ದಾರೆ. ತಮ್ಮ ಬಸ್ತಿಯಲ್ಲಿ, ಫ್ಲೈಓವರ್ ಕೆಳಗೆ ಕಂಡದ್ದು ಕೇಳಿದ್ದನ್ನು ಈ ಮಾತಿನಮಲ್ಲರು ಹೇಳುತ್ತಾ ಹೋಗುತ್ತಾರೆ. ಬರೆಯಲು ಕಲಿತ ಗೆಳೆಯರು ಅದನ್ನು ಬರೆದುಕೊಳ್ಳುತ್ತಾರೆ. ಸಂಪಾದಕೀಯ ಸಭೆಯಲ್ಲಿ ಕೂತು ಯಾವುದು ಅಚ್ಚಾಗಬೇಕೆಂದು ತೀರ್ಮಾನಿಸುವವರೂ ಮಕ್ಕಳೇ. ವರದಿಗಾರಿಕೆಗೆ ವಯಸ್ಸಿನ ಮಿತಿ ಹದಿನೆಂಟು.

ಪತ್ರಿಕೆಗೆ ಹೆಸರು ತಂದದ್ದು ನಿಲ್ದಾಣದ ಮಕ್ಕಳು ಹೇಳಿದ ಸುದ್ದಿ: ರೈಲಿಗೆ ಸಿಕ್ಕಿ ಸತ್ತವರ ಶವಗಳನ್ನು ಹಳಿಯ ಮೇಲಿಂದ ಎತ್ತಲು ಪೊಲೀಸರು ತಮ್ಮನ್ನು ಹಚ್ಚುತ್ತಾರೆ ಎಂದು. ರಾಷ್ಟ್ರೀಯ ಮಾಧ್ಯಮಗಳು ಅದನ್ನು ಎತ್ತಿಕೊಂಡವು, ವಿಷಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದವರೆಗೂ ಹೋಯಿತು. ಠಾಣೆಯ ಪತ್ರಿಕಾ ಪ್ರಕಟಣೆ ನೆಚ್ಚಿಕೊಂಡ ವರದಿಗಾರನಿಗೆ ಇಂಥ ಸುದ್ದಿ ದಕ್ಕುವುದು ಕಷ್ಟ. ಬಲ್ಲವರು ಆ ಮಕ್ಕಳೇ. ಅವರು ಬಾಯಿ ಬಿಡುವುದು ತಮ್ಮಂಥವರೆದುರು.

ನಮ್ಮಲ್ಲೂ ಈ ದಾರಿ ಹೊಸದಲ್ಲ. ಬೆಂಗಳೂರಿನ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಬೆಂಬಲದಲ್ಲಿ 1990ರಲ್ಲಿ ದುಡಿಯುವ ಮಕ್ಕಳ ‘ಭೀಮ ಸಂಘ’ ಹುಟ್ಟಿತು. ಅಂಥ ಮಕ್ಕಳಿಗಾಗಿ ‘ಭೀಮ ಪತ್ರಿಕೆ’ ಎಂಬ ಗೋಡೆಪತ್ರಿಕೆಯೂ ಇತ್ತು. ಕೊಳ್ಳಲು ಕಾಸು ಬೇಡ, ನಿಂತು ಓದಿದರಾಯಿತು. ಓದಲು ಬಾರದವರು ಪಕ್ಕದವರಿಂದ ಓದಿಸಿ ಕೇಳಿದರಾಯಿತು.

ಆದರೂ ಪತ್ರಿಕೆಗಳಲ್ಲಿ ಮಕ್ಕಳ ಪುಟವೆಂದರೆ ಒಗಟು, ಬಣ್ಣ ತುಂಬುವ ಚಿತ್ರ, ನೀತಿಕಥೆ ಎಂಬ ಲೆಕ್ಕ ನಮ್ಮದು. ಅವೆಲ್ಲ ಇರಲಿ. ಆದರೆ ಶಾಲೆಯ ಶೌಚಾಲಯಕ್ಕೆ ಬೀಗ ಬಿದ್ದು ಎಷ್ಟು ದಿನವಾಯಿತು, ಬಿಸಿಯೂಟದ ಸಾಂಬಾರು ಯಾವತ್ತು ನೀರಾಗಿತ್ತು ಎಂಬುದನ್ನು ಮಕ್ಕಳಿಗಿಂತ ಚೆನ್ನಾಗಿ ಬಲ್ಲವರಾರು? ಪುಟ ಅವರದೆನ್ನುವುದಾದರೆ, ಅದರಲ್ಲಿ ಯಾವುದು ಸುದ್ದಿಯೆಂದು ಹೇಳುವ ಅಧಿಕಾರವನ್ನೂ ಅವರಿಗೇ ಕೊಡಬೇಕು.