ಹಳೆಯ ಬೋಲಪಟದ ದನಿಯನ್ನು ತೊಳೆಯುವ ಬಗೆ

ಸಂಕೇಶ್ವರವನ್ನು ದಾಟಿ ನಿಪ್ಪಾಣಿಯ ಕಡೆಗೆ ಹೊರಟ ಪ್ರವಾಸಿಗೆ ಹೆದ್ದಾರಿಯಲ್ಲಿ ಹುಕ್ಕೇರಿ ತಾಲೂಕಿನ ಕಣಗಲಾ ಎಂಬ ಊರು ಎದುರಾಗುತ್ತದೆ. ಅಲ್ಲಿಂದ ಕೊಲ್ಲಾಪುರ ಬಹು ದೂರವಿಲ್ಲ. ಅಂಬಾಬಾಯಿಯ ದರ್ಶನಕ್ಕೂ ಬೆಲ್ಲದ ಪೇಟೆಗೂ ಈ ಸೀಮೆಯ ಜನ ಹೋಗಿಬರುವ ಪಟ್ಟಣವದು. ಕನ್ನಡದ ಮೊದಲ ಬೋಲಪಟ ತಯಾರಾದದ್ದೂ ಅಲ್ಲಿಯೇ ಎಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ವೈ. ವಿ. ರಾವ್ ಅವರು ನಿರ್ದೇಶಿಸಿದ 'ಸತಿ ಸುಲೋಚನಾ' ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಚಿತ್ರಿತವಾಗಿ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಆರ್. ನಾಗೇಂದ್ರರಾಯರು ರಾವಣನಾಗಿ, ಸುಬ್ಬಯ್ಯನಾಯ್ಡು ಅವರು ಇಂದ್ರಜಿತುವಾಗಿ, ತ್ರಿಪುರಾಂಬಾ ಅವರು ಸುಲೋಚನೆಯಾಗಿ ಅಭಿನಯಿಸಿದ್ದರು. ಅವರ ಆ ದನಿಗಳನ್ನು ನಾವು ಕೇಳಲಾರೆವು. ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಭಾರತದ ಮೊದಲ ಬೋಲಪಟವಾದ 1931ರ 'ಆಲಂ ಆರಾ' ಚಿತ್ರಕ್ಕೂ ಇದೇ ಗತಿಯಾಯಿತು.

ಕೊಳೆಯಾದ ದನಿಯನ್ನು ತೊಳೆಯುವ ವಿದ್ಯೆ ಇಂದು ಬಹಳ ಮುಂದುವರಿದಿದೆ. ಆದರೆ ತೊಳೆಯಲು ಬಟ್ಟೆಯೇ ಇಲ್ಲದಿದ್ದರೆ ಅಗಸನೇನು ಮಾಡಿಯಾನು? ಆದುದರಿಂದ ಉಳಿದಿರುವ ಫಿಲ್ಮುಗಳ ವಿಷಯವನ್ನೇ ಇಲ್ಲಿ ನೋಡೋಣ.

ಹಳೆಯ ಫಿಲ್ಮಿನಲ್ಲಿ ದನಿಯೂ ಒಂದು ಚಿತ್ರವೇ. 35 ಮಿಲಿಮೀಟರ್ ಅಗಲದ ಫಿಲ್ಮಿನಲ್ಲಿ ಬಿಂಬದ ಚೌಕಕ್ಕೂ ಅಂಚಿನ ತೂತುಗಳಿಗೂ ನಡುವೆ ಸುಮಾರು ಎರಡೂವರೆ ಮಿಲಿಮೀಟರ್ ಅಗಲದ ಪಟ್ಟಿಯೊಂದು ಓಡುತ್ತದೆ. ಅದೇ ಧ್ವನಿಪಥ. ಕೆಲವು ಫಿಲ್ಮುಗಳಲ್ಲಿ ಅದರ ಬಿಳಿಯ ಭಾಗ ದನಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಕೆಲವುಗಳಲ್ಲಿ ಪಟ್ಟಿಯ ಕಪ್ಪು ದಟ್ಟವಾಗಿ ತೆಳುವಾಗಿ ಬದಲಾಗುತ್ತದೆ. ಪ್ರದರ್ಶನಯಂತ್ರದಲ್ಲಿ ಒಂದು ಸಣ್ಣ ದೀಪದ ಬೆಳಕು ಕೂದಲೆಳೆಯಂಥ ಸೀಳಿನ ಮೂಲಕ ಈ ಪಟ್ಟಿಯನ್ನು ಹಾಯ್ದು ದ್ಯುತಿಕೋಶದ ಮೇಲೆ ಬೀಳುತ್ತದೆ. ಬೆಳಕಿನ ಏರಿಳಿತವು ವಿದ್ಯುತ್ತಿನ ಏರಿಳಿತವಾಗಿ, ಅದು ಧ್ವನಿವರ್ಧಕದಲ್ಲಿ ಮಾತಾಗುತ್ತದೆ.

ಪಾಪ, ಆ ದ್ಯುತಿಕೋಶಕ್ಕೆ ವಿವೇಚನೆಯಿಲ್ಲ. ಬೆಳಕನ್ನು ತಡೆದದ್ದು ರಾವಣನ ಗರ್ಜನೆಯೋ ಧೂಳಿನ ಕಣವೋ ಅದಕ್ಕೆ ತಿಳಿಯದು. ಕಣ ಅಡ್ಡ ಬಂದರೆ 'ಚಟ್' ಎನ್ನುತ್ತದೆ. ಫಿಲ್ಮಿನ ಬೆಳ್ಳಿಯ ಕಣಗಳ ಒರಟುತನದಿಂದ ಒಂದೇ ಸಮನೆ 'ಸುಯ್' ಎಂಬ ಸದ್ದು ಹೊರಡುತ್ತದೆ. ಧ್ವನಿಮುದ್ರಣದ ಕಾಲದಲ್ಲಿ ನುಸುಳಿದ ವಿದ್ಯುತ್ತಿನಿಂದ ಸೆಕೆಂಡಿಗೆ 50 ಕಂಪನಗಳ ಗುಂಯ್‌ಗಾನ. ಧ್ವನಿಪಥ ತುಸು ಪಕ್ಕಕ್ಕೆ ಸರಿದು ಅಂಚಿನ ತೂತುಗಳು ಬೆಳಕಿಗೆ ಸಿಕ್ಕರೆ ಬೇರೊಂದು ಗುರುಗುಟ್ಟುವಿಕೆ ಕೇಳುತ್ತದೆ. ಸೆಕೆಂಡಿಗೆ 24 ಚೌಕಗಳು, ಚೌಕಕ್ಕೆ 4 ತೂತುಗಳು. ಆದ್ದರಿಂದ ಆ ಸದ್ದು ಕರಾರುವಾಕ್ಕಾಗಿ 96 ಕಂಪನಗಳದು.

ದನಿ ತೊಳೆಯುವವನು ಮೊದಲು ಧ್ವನಿಪಥವನ್ನು ಅಂಕಿಗಳ ಸಾಲಾಗಿ ಮಾಡಿಕೊಳ್ಳುತ್ತಾನೆ: ಸಾಮಾನ್ಯವಾಗಿ ಸೆಕೆಂಡಿಗೆ 48,000 ಅಥವಾ 96,000 ಅಂಕಿಗಳು. ಫಿಲ್ಮು ಸೆಕೆಂಡಿಗೆ ಸುಮಾರು 456 ಮಿಲಿಮೀಟರ್ ಓಡುವುದರಿಂದ, ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಗಾತ್ರದ ಧೂಳಿನ ಕಣವು 48,000ದ ಲೆಕ್ಕದಲ್ಲಿ ಕೇವಲ ಹತ್ತು ಹನ್ನೊಂದು ಅಂಕಿಗಳನ್ನು ಕೆಡಿಸುತ್ತದೆ. ಅವನ್ನು ಕಿತ್ತು, ಹಿಂದುಮುಂದಿನ ಅಲೆಯ ಓಟವನ್ನು ನೋಡಿ, ನಡುವಿನ ಅಂಕಿಗಳನ್ನು ಗಣಕಯಂತ್ರವು ಊಹಿಸಿ ತುಂಬುತ್ತದೆ. ಹರಿದ ಸೀರೆಗೆ ಅದೇ ನೂಲಿನಿಂದ ರಫು ಹಾಕಿದಂತೆ. ಇಷ್ಟು ಚಿಕ್ಕ ತೇಪೆಯನ್ನು ಯಾವ ಕಿವಿಯೂ ಗುರುತಿಸಲಾರದು.

ಸುಯ್ಗುಟ್ಟುವಿಕೆಯದೇ ದೊಡ್ಡ ಕಷ್ಟ. ಅದು ಮಾತಿನ ಮೇಲೆಯೇ ಹರಡಿಕೊಂಡಿರುತ್ತದೆ. ಪಾತ್ರಗಳು ಸುಮ್ಮನಿರುವ ಅರೆಗಳಿಗೆಯೊಂದನ್ನು ಆರಿಸಿ, ಆ ಬರಿಯ ಗದ್ದಲದಲ್ಲಿ ಯಾವ ಯಾವ ಸ್ಥಾಯಿಯ ಕಂಪನ ಎಷ್ಟೆಷ್ಟಿದೆ ಎಂದು ಅಳೆಯುತ್ತಾರೆ. ಇದು ಗದ್ದಲದ ಬೆರಳಚ್ಚು. ಬಳಿಕ ಇಡೀ ದನಿಯನ್ನು ಫೂರಿಯೇ ಎಂಬ ಫ್ರೆಂಚ್ ಗಣಿತಜ್ಞನ ವಿಧಾನದಿಂದ ನೂರಾರು ಸ್ಥಾಯಿಗಳಾಗಿ ಬಿಡಿಸಿ, ಪ್ರತಿಯೊಂದರಿಂದಲೂ ಆ ಅಳತೆಯಷ್ಟನ್ನು ತಗ್ಗಿಸಿ ಮತ್ತೆ ಜೋಡಿಸುತ್ತಾರೆ.

ಕೇಳಲು ಸುಲಭ. ಆದರೆ ನಮ್ಮ ವರ್ಣಮಾಲೆಯ ಶ, ಷ, ಸ ಅಕ್ಷರಗಳನ್ನು ಓದುಗರು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಲಿ: ಅವೂ ಒಂದು ಬಗೆಯ ಸುಯ್ಗುಟ್ಟುವಿಕೆಯೇ! ಹಕಾರವೂ ಮಹಾಪ್ರಾಣಗಳೂ ಬರಿಯ ಉಸಿರು. ಯಂತ್ರಕ್ಕೆ ಅತಿಯಾಗಿ ಸಲಿಗೆ ಕೊಟ್ಟರೆ ಗದ್ದಲದ ಜೊತೆಗೆ ಇವೂ ಹೋಗಿ, ಪಾತ್ರಧಾರಿ ನೀರಿನೊಳಗಿನಿಂದ ಮಾತಾಡಿದಂತೆ ಕೇಳುತ್ತದೆ. ನಡುನಡುವೆ ಇಲ್ಲದ ಹಕ್ಕಿಗಳು ಚಿಲಿಪಿಲಿಗುಟ್ಟುತ್ತವೆ. ಇನ್ನೊಂದು ವಿನೋದವೆಂದರೆ, ಏಕಪ್ರಕಾರವಾಗಿ ಮಿಡಿಯುವ ತಂಬೂರಿಯನ್ನು ಯಂತ್ರವು ಗದ್ದಲವೆಂದೇ ಬಗೆದು ಅಳಿಸಲು ಹೊರಡುತ್ತದೆ. ಮಲೆನಾಡಿನ ಇರುಳಿನ ಜೀರುಂಡೆಯ ಗತಿಯೂ ಅಷ್ಟೇ. 50 ಕಂಪನಗಳ ಗುಂಯ್‌ಗಾನವನ್ನೂ ಅದರ ಇಮ್ಮಡಿ ಮುಮ್ಮಡಿಗಳನ್ನೂ ಕತ್ತರಿಸುವಾಗ ಅಲಗು ಬಲು ತೆಳುವಾಗಿರಬೇಕು. ಏಕೆಂದರೆ ಗಂಡಸಿನ ಕಂಠದ ಮೂಲಸ್ವರ 100 ಕಂಪನಗಳ ಆಸುಪಾಸಿನಲ್ಲಿಯೇ ಇರುತ್ತದೆ.

ಬಲ್ಲವರು ಗದ್ದಲವನ್ನು ಪೂರ್ತಿ ತೆಗೆಯುವುದಿಲ್ಲ, ತಗ್ಗಿಸುತ್ತಾರೆ. ಹಳೆಯ ಚಿತ್ರಮಂದಿರಗಳು ಮೇಲಿನ ಸ್ಥಾಯಿಗಳನ್ನು ತಾವೇ ಕುಗ್ಗಿಸಿ ಕೇಳಿಸುತ್ತಿದ್ದವು. ಅಂದಿನ ಪ್ರೇಕ್ಷಕನಿಗೆ ಕೇಳದಿದ್ದ ಸುಯ್ ಸದ್ದು ಇಂದಿನ ಹರಿತವಾದ ಸ್ಪೀಕರಿನಲ್ಲಿ ನಮಗೆ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಅಂದಿನವರಿಗೆ ಕೇಳಿದಷ್ಟು ನಮಗೂ ಕೇಳಿದರೆ ಸಾಕೆಂಬುದು ನಮ್ಮ ಅಭಿಪ್ರಾಯ.

ಈಗೀಗ ಯಂತ್ರಗಳಿಗೆ ಸಾವಿರಾರು ದನಿಗಳನ್ನು ಕೇಳಿಸಿ, ಕಂಠವಾವುದು ವಾದ್ಯವಾವುದು ಎಂದು ಬೇರ್ಪಡಿಸಲು ಕಲಿಸಿದ್ದಾರೆ. ಬೀಟಲ್ಸ್ ತಂಡದ ಜಾನ್ ಲೆನನ್ನರ ಹಳೆಯ ಕ್ಯಾಸೆಟ್ಟೊಂದರಲ್ಲಿ ಪಿಯಾನೋದೊಡನೆ ಬೆರೆತುಹೋಗಿದ್ದ ಅವರ ಕಂಠವನ್ನು ಹೀಗೆ ಬಿಡಿಸಿ 2023ರಲ್ಲಿ ಹೊಸ ಹಾಡನ್ನು ಹೊರತಂದರು. ಕಂಠವೂ ವಾದ್ಯವೂ ಒಂದೇ ಪಥದಲ್ಲಿ ಬೆಸೆದಿರುವ ನಮ್ಮ ಹಳೆಯ ಬೋಲಪಟಗಳಿಗೆ ಇದು ವರವೇ ಸರಿ. ಆದರೆ ಇಂಥ ಕೆಲವು ಯಂತ್ರಗಳು ಅಳಿದ ಅಕ್ಷರವನ್ನು ತಾವೇ ಹುಟ್ಟಿಸಿ ತುಂಬುವುದೂ ಉಂಟು. ಅದು ನಟನ ಉಚ್ಚಾರವೋ ಯಂತ್ರದ ಉಚ್ಚಾರವೋ ಎಂಬ ಸಂದೇಹ ಆಗ ತಪ್ಪುವುದಿಲ್ಲ.

ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಈ ಮಾತಿಗೆ ಒಳ್ಳೆಯ ಸಾಕ್ಷಿ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸಂಸ್ಥೆಗಳು ಕೂಡಿ ಅದನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಆ ಕೆಲಸದಲ್ಲಿ ನಿರ್ದೇಶಕರೇ ಜೊತೆಗಿದ್ದರು. ಯಾವ ಸದ್ದು ಕೊಳೆ, ಯಾವುದು ಕಥೆಯದು ಎಂದು ಹೇಳಲು ಚಿತ್ರವನ್ನು ಮಾಡಿದವರಿಗಿಂತ ಅಧಿಕಾರಿ ಯಾರು? 1934ರ ಚಿತ್ರಕ್ಕೆ ಆ ಭಾಗ್ಯವೂ ಇಲ್ಲ.

ಗಡಿನಾಡಿನ ಯಾವುದಾದರೂ ಹಳೆಯ ಟೂರಿಂಗ್ ಟಾಕೀಸಿನವರ ಅಟ್ಟದಲ್ಲಿ ತಗಡಿನ ಡಬ್ಬಿಗಳು ಇನ್ನೂ ಇದ್ದಾವು. ತೆರೆದಾಗ ಹುಳಿಯ ವಾಸನೆ ಬಂದರೆ ಅದು ಕೊಳೆಯತೊಡಗಿದ ಅಸಿಟೇಟ್ ಫಿಲ್ಮು. 1950ರ ಹಿಂದಿನದಾದರೆ ನೈಟ್ರೇಟ್ ಇರಬಹುದು. ಅದು ಥಟ್ಟನೆ ಹೊತ್ತಿಕೊಳ್ಳುವಂಥದು, ನೀರಿಗೂ ಆರದು. ಅಂಥದನ್ನು ಯಂತ್ರಕ್ಕೆ ಏರಿಸಿ ನೋಡುವ ಚಪಲ ಬೇಡ. ಬಿಸಿಲು ತಾಗದ ತಂಪಾದ ಒಣ ಜಾಗದಲ್ಲಿಟ್ಟು, ಪುಣೆಯಲ್ಲಿ 1964ರಿಂದ ಇರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಒಂದು ಪತ್ರ ಬರೆಯಬೇಕು. ಕಣಗಲಾದ ಹೆದ್ದಾರಿ ಕೊಲ್ಲಾಪುರವನ್ನು ದಾಟಿ ಆ ಊರಿಗೇ ಹೋಗುತ್ತದೆ.