ಗೂಡಿನೊಳಗಿನ ಪುಟ್ಟ ಎಂಜಿನಿಯರ್

ಮಕ್ಕಳೇ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ನಿಮಗೆ ನೆಂಟರಿದ್ದಾರೆಯೇ? ಇದ್ದರೆ ಈ ರಜೆಯಲ್ಲಿ ರೇಷ್ಮೆ ಹುಳು ಸಾಕುವ ಮನೆಯೊಂದನ್ನು ನೋಡಿ ಬನ್ನಿ. ಕೈಕಾಲು ತೊಳೆದೇ ಒಳಗೆ ಹೋಗಬೇಕು. ಹುಳುಗಳಿಗೆ ರೋಗ ಬಲು ಬೇಗ ತಗಲುತ್ತದೆ. ಒಳಗೆ ಸಣ್ಣ ಮಳೆ ಬಿದ್ದಂಥ ಸದ್ದು ಕೇಳಿಸುತ್ತದೆ. ಅದು ಮಳೆಯಲ್ಲ, ಸಾವಿರಾರು ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು!

ಹುಳು ಸುಮಾರು 25 ದಿನ ಬದುಕಿ ಬೆಳೆಯುವಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಅದು ಸೊಪ್ಪು ಮುಟ್ಟದೆ ಸುಮ್ಮನಿರುತ್ತದೆ. ರೈತರು ಇದನ್ನು ‘ಜ್ವರ’ ಎನ್ನುತ್ತಾರೆ. ಕೊನೆಗೆ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ, ಅದು ತಲೆಯನ್ನು ಅತ್ತಿತ್ತ ಆಡಿಸುತ್ತಾ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಒಳ್ಳೆಯ ಬೈವೋಲ್ಟೈನ್ ಗೂಡೊಂದರಲ್ಲಿ ಸುಮಾರು 1,000 ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ!

ಈ ಎಳೆ ಸೀರೆಗೆ ಮಾತ್ರವೇ? ಅಲ್ಲ. ತೂಕಕ್ಕೆ ತೂಕ ಇಟ್ಟು ನೋಡಿದರೆ ರೇಷ್ಮೆ ಸಾಮಾನ್ಯ ಉಕ್ಕಿನ ತಂತಿಗಿಂತ ಗಟ್ಟಿ. ಇದರ ಗುಟ್ಟು ‘ಫೈಬ್ರೋಯಿನ್’ ಎಂಬ ಪ್ರೋಟೀನಿನಲ್ಲಿದೆ. ಅದರಲ್ಲಿ ಒತ್ತಾಗಿ ಜೋಡಿಸಿಟ್ಟ ಗಟ್ಟಿ ಭಾಗಗಳೂ ಸಡಿಲವಾದ ಮೆತ್ತನೆ ಭಾಗಗಳೂ ಬೆರೆತಿವೆ. ಗಟ್ಟಿ ಭಾಗ ಭಾರ ಹೊರುತ್ತದೆ, ಮೆತ್ತನೆ ಭಾಗ ಹಿಗ್ಗಿ ಎಳೆತವನ್ನು ತಾಳಿಕೊಳ್ಳುತ್ತದೆ.

ಪ್ಯಾರಾಚೂಟಿಗೆ ಬೇಕಾದದ್ದೂ ಇದೇ ಗುಣ. ಅದು ಚಿಕ್ಕದಾಗಿ ಮಡಚಬೇಕು, ಥಟ್ಟನೆ ಬಿಚ್ಚಿಕೊಳ್ಳಬೇಕು, ಬಿಚ್ಚಿಕೊಂಡಾಗಿನ ಹೊಡೆತಕ್ಕೆ ಹರಿಯಬಾರದು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನ ರೇಷ್ಮೆ ಬರುವುದು ನಿಂತಾಗ ಮೈಸೂರು ಸಂಸ್ಥಾನದ ರೇಷ್ಮೆಗೆ ಭಾರಿ ಬೇಡಿಕೆ ಬಂತು. ಬಳಿಕ ನೈಲಾನ್ ಆ ಜಾಗ ಹಿಡಿಯಿತು.

ಆದರೂ ಆಸ್ಪತ್ರೆಯಲ್ಲಿ ರೇಷ್ಮೆ ಉಳಿದಿದೆ. ಗಾಯಕ್ಕೆ ಹೊಲಿಗೆ ಹಾಕಲು ಡಾಕ್ಟರು ಬಳಸುವ ದಾರಗಳಲ್ಲಿ ಅದೂ ಒಂದು. ಎಳೆಯ ಮೇಲೆ ‘ಸೆರಿಸಿನ್’ ಎಂಬ ಅಂಟು ಇರುತ್ತದೆ. ಅದು ದೇಹಕ್ಕೆ ಒಗ್ಗದೆ ಹೋಗಬಹುದು. ಆದ್ದರಿಂದ ದಾರ ಮಾಡುವ ಮೊದಲು ಅದನ್ನು ತೆಗೆಯುತ್ತಾರೆ. ಸೀರೆಯ ನೂಲನ್ನು ಸೋಪಿನ ನೀರಿನಲ್ಲಿ ಬೇಯಿಸಿ ಮೆತ್ತಗೆ ಮಾಡುವಾಗ ಹೋಗುವುದೂ ಇದೇ ಅಂಟು!

ಈಗ ವಿಜ್ಞಾನಿಗಳು ಫೈಬ್ರೋಯಿನನ್ನು ಕರಗಿಸಿ ತೆಳು ಹಾಳೆ, ಸ್ಪಂಜು, ಗಾಯದ ಪಟ್ಟಿಗಳನ್ನು ಮಾಡುತ್ತಿದ್ದಾರೆ. ಇಲ್ಲೊಂದು ವಿಷಯ ಗಮನಿಸಿ. ಚಿಟ್ಟೆ ತೂತು ಮಾಡಿ ಹೊರಬಂದ ಗೂಡಿನಿಂದ ಉದ್ದನೆಯ ನೂಲು ಬಿಚ್ಚಲಾಗದು, ಅದಕ್ಕೆ ಬೆಲೆಯೂ ಕಡಿಮೆ. ಕರಗಿಸುವವರಿಗೆ ಎಳೆಯ ಉದ್ದ ಮುಖ್ಯವಲ್ಲ, ಪ್ರೋಟೀನ್ ಇದ್ದರೆ ಸಾಕು. ಇಂಥ ಕೆಲಸ ಬೆಳೆದರೆ ತೂತು ಗೂಡಿಗೂ ಬೆಲೆ ಬರಬಹುದು. ಬೋರ್‌ವೆಲ್ ನೀರನ್ನೇ ನಂಬಿ ಹಿಪ್ಪುನೇರಳೆ ಬೆಳೆಯುವ ಕೋಲಾರದ ರೈತನಿಗೆ ಒಂದೊಂದು ಗೂಡೂ ಲೆಕ್ಕಕ್ಕೆ ಬರುತ್ತದಲ್ಲವೇ?

ಮಾಡಿ ನೋಡಿ: ಒಣಗಿದ ಗೂಡೊಂದನ್ನು ದೊಡ್ಡವರ ಕೈಯಲ್ಲಿ ಬಿಸಿ ನೀರಿಗೆ ಹಾಕಿಸಿ. ಅಂಟು ಸಡಿಲವಾದ ಮೇಲೆ ಮೆಲ್ಲಗೆ ಎಳೆಯ ತುದಿ ಹುಡುಕಿ, ಪೆನ್ಸಿಲಿಗೆ ಸುತ್ತುತ್ತಾ ಹೋಗಿ. ಎಷ್ಟು ಸುತ್ತು ಬಂತೆಂದು ಎಣಿಸಲು ಮರೆಯಬೇಡಿ!