ಹೆಬ್ಬಾತು ಇಲ್ಲಿ ಮರಿ ಮಾಡುವುದಿಲ್ಲ

ಚಳಿ ಶುರುವಾಯಿತೆಂದರೆ ಸಾಕು, ‘ವಿದೇಶಿ ಹಕ್ಕಿಗಳು ಮರಿ ಮಾಡಲು ಮಾಗಡಿ ಕೆರೆಗೆ ಬಂದಿವೆ’ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ದಾಟುತ್ತದೆ. ಗದಗ ಜಿಲ್ಲೆಯ ಆ ಕೆರೆ ನೋಡಿಬಂದ ನಮ್ಮ ಆದೋನಿ, ಆಲೂರು ಕಡೆಯವರೂ ಇದನ್ನೇ ಹೇಳುತ್ತಾರೆ. ಇದು ಪೂರ್ತಿ ತಪ್ಪು.

ಪಟ್ಟೆತಲೆ ಹೆಬ್ಬಾತು ಇಲ್ಲಿಗೆ ಬರುವುದು ಮೇವಿಗಾಗಿ. ನವೆಂಬರ್ ಹೊತ್ತಿಗೆ ಬಂದು ಮಾರ್ಚ್ ಹೊತ್ತಿಗೆ ಹೊರಟುಬಿಡುತ್ತದೆ. ಹಗಲೆಲ್ಲ ನೀರಿನಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಹೊಲಗಳಲ್ಲಿ ಮೇಯುವುದು. ಅದು ಮೊಟ್ಟೆ ಇಡುವುದು ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳ ದಂಡೆಯಲ್ಲಿ, ನಡುಗಡ್ಡೆಗಳಲ್ಲಿ, ಅದೂ ಮೇ–ಜೂನ್ ಸುಮಾರಿಗೆ. ಆ ತಿಂಗಳುಗಳಲ್ಲಿ ನಮ್ಮ ಸೀಮೆಯ ಕೆರೆಗಳು ಹೇಗಿರುತ್ತವೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಮರಿ ಸಾಕುವ ಕಾಲಕ್ಕೆ ದೊಡ್ಡ ಹಕ್ಕಿಗಳ ರೆಕ್ಕೆಗರಿಗಳು ಒಟ್ಟಿಗೇ ಉದುರಿ, ಕೆಲವು ವಾರ ಅವು ಹಾರಲಾರವು. ಆಗ ನಾಯಿ-ನರಿ ತಲುಪದಂಥ ತುಂಬು ನೀರು ಬೇಕು. ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳೇ ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಇನ್ನೆಂಥ ಸಾಕ್ಷಿ ಬೇಕು?

‘ಮರಿಗಳನ್ನು ಕಣ್ಣಾರೆ ಕಂಡೆವಲ್ಲ’ ಎನ್ನುತ್ತಾರೆ. ಕಂಡದ್ದು ನಿಜ, ಅರ್ಥ ಮಾಡಿಕೊಂಡದ್ದು ತಪ್ಪು. ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇಲ್ಲದವು ಆ ಬೇಸಿಗೆಯಲ್ಲೇ ಅಲ್ಲಿ ಹುಟ್ಟಿ, ತಂದೆತಾಯಿಯ ಜೊತೆ ಹಿಮಾಲಯ ದಾಟಿ ಬಂದ ಎಳೆಯ ಹಕ್ಕಿಗಳು. ಜೊಂಡಿನ ನಡುವೆ ತೇಲುವ ಗೂಡು ಕಂಡಿದ್ದರೆ ಅದು ನಾಮದ ಕೋಳಿಯದೋ ಗುಳುಮುಳುಕನದೋ ಇರಬೇಕು.

ಇನ್ನು ಹೆಬ್ಬಾತುಗಳು ಯಾವಾಗಲೂ ಎವರೆಸ್ಟಿನ ಮೇಲೇ ಹಾರಿ ಬರುತ್ತವೆಂಬ ಮಾತೂ ತಪ್ಪೇ: ಉಪಗ್ರಹದ ಮೂಲಕ ಹಿಂಬಾಲಿಸಿದ ಹಕ್ಕಿಗಳಲ್ಲಿ ಅತಿ ಎತ್ತರಕ್ಕೆ ಏರಿದ್ದು ಸುಮಾರು 7,290 ಮೀಟರ್, ಹೆಚ್ಚಿನವು ಕಣಿವೆ ಹಿಡಿದು ಇನ್ನೂ ಕೆಳಗೇ ಬರುತ್ತವೆ.

ಒಂದು ಚಿತ್ರ, ಎರಡು ಸಾಲು ಬರಹ ಸಿಕ್ಕರೆ ಕೇಳದೆ ನಂಬುವ ಚಾಳಿ ನಮಗೆ ಅಂಟಿದೆ. ಕೆರೆಯ ದಂಡೆಯಲ್ಲಿ ಕುರಿ ಮೇಯಿಸುವವರನ್ನು ಕೇಳಿದರೂ ಬೇಸಿಗೆಯಲ್ಲಿ ಈ ಹಕ್ಕಿ ಇರುವುದಿಲ್ಲವೆಂದು ಹೇಳುತ್ತಾರೆ. ಕೇಳುವ ವ್ಯವಧಾನ ಯಾರಿಗಿದೆ? ಗೂಡು ಹುಡುಕುತ್ತ ನೀರಿಗಿಳಿಯುವವರಿಂದ ಹಿಂಡು ಹಗಲಲ್ಲಿ ಮತ್ತೆ ಮತ್ತೆ ಏಳುತ್ತದೆ. ವಾಪಸು ಪ್ರಯಾಣಕ್ಕೆ ಕೂಡಿಟ್ಟ ಕೊಬ್ಬು ಅಲ್ಲೇ ಕರಗುತ್ತದೆ.

2024ರಲ್ಲಿ ಮಾಗಡಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಜೊತೆಗೇ ಸೇರಿದ ಅಂಕಸಮುದ್ರ ಕೆರೆ ನಮಗೆ ಇನ್ನೂ ಹತ್ತಿರ. ಗೂಡು, ಮರಿ ನೋಡುವ ಆಸೆ ಇದ್ದರೆ ಅಲ್ಲಿಗೆ ಹೋಗಿ. ನೀರಲ್ಲಿ ನಿಂತ ಜಾಲಿಮರಗಳ ಮೇಲೆ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮಾಗಡಿಯಲ್ಲಿ ಮಾತ್ರ ದಯವಿಟ್ಟು ದಂಡೆಯ ಮೇಲೆಯೇ ನಿಂತು ನೋಡಿ.